ಗ್ಯಾರೇಜಿನ ದಶಾವತಾರ

ಮಾರಾಟಕ್ಕಿಟ್ಟ ಕಾರನ್ನು ನೋಡಲು ಬಂದವನ ಕುಲಗೋತ್ರವನ್ನು ಕಾರಿನ ಯಜಮಾನನೇ ವಿಚಾರಿಸಲು ಶುರುಮಾಡಿದರೆ, ಆ ಕಾರು ಈ ಜನ್ಮದಲ್ಲಿ ಮಾರಾಟವಾಗುವುದಿಲ್ಲ ಎಂದು ತಿಳಿಯಲು ಜ್ಯೋತಿಷಿಯೇನೂ ಬೇಕಾಗಿಲ್ಲ. ಪಂಕಜಾಳಿಗೆ ಅದು ಮೊದಲನೆಯ ಗಿರಾಕಿ ಬಂದ ದಿನವೇ ಅರ್ಥವಾಗಿತ್ತು.

ಆ ಗಿರಾಕಿ ಅಮೆರಿಕದ ಎಡಿಸನ್ ಎಂಬ ಊರಿನಲ್ಲಿ ಮದುವೆಗಳಿಗೆ ಕಾರು ಬಾಡಿಗೆಗೆ ಕೊಡುವವನು. ಗ್ಯಾರೇಜಿನ ಬಾಗಿಲು ಮೇಲೆದ್ದು ಒಳಗಿನ ಉದ್ದನೆಯ ಕಡುಹಸಿರು ಕಾರು ಕಂಡದ್ದೇ ತಡ, ಅವನ ಮುಖ ಅರಳಿತು. ಬೆಲೆ ಕೇಳುವುದಕ್ಕೂ ಮೊದಲೇ ಫೋಟೋ ತೆಗೆದುಕೊಂಡ. ಪಂಕಜಾಳ ಗಂಡ ಪ್ರಾಣೇಶ ಮಾತ್ರ ಕೈ ಹಿಂದೆ ಕಟ್ಟಿಕೊಂಡು ಅವನನ್ನು ಮೇಲಿಂದ ಕೆಳಗೆ ನೋಡಿದ. ರಾತ್ರಿ ಕಾರನ್ನು ಎಲ್ಲಿ ನಿಲ್ಲಿಸುತ್ತೀ, ಮೇಲೆ ಸೂರು ಇದೆಯೇ, ಸಿಗರೇಟು ಸೇದುವ ಅಭ್ಯಾಸ ಉಂಟೇ, ಇದಕ್ಕೆ ಮೊದಲು ಯಾವ ಯಾವ ಕಾರು ಇಟ್ಟಿದ್ದೆ, ಅವೆಲ್ಲ ಈಗ ಏನಾದವು ಎಂದು ಒಂದೊಂದಾಗಿ ಕೇಳುತ್ತ ಹೋದ. ಹೆಣ್ಣು ಕೊಡುವ ಮಾವನೂ ಇಷ್ಟು ಕೇಳುವುದಿಲ್ಲ. ಅಡುಗೆಮನೆಯಲ್ಲಿ ಪಂಕಜಾ ಮಾಡಿಟ್ಟ ಉಪ್ಪಿಟ್ಟು ಆರಿ ಗಟ್ಟಿಯಾಯಿತು. ಬಂದವನು ಆಮೇಲೆ ಫೋನ್ ಮಾಡುತ್ತೇನೆ ಎಂದು ಹೇಳಿ ಹೋದ, ಮತ್ತೆ ಮಾಡಲಿಲ್ಲ.

"ಯಾಕ್ರೀ ಅವನನ್ನ ಓಡಿಸಿದ್ರಿ?" ಎಂದು ಪಂಕಜಾ ಕೇಳಿದಳು. ಅವಳದು ಮೈಸೂರಿನ ಮಾತು.

"ಮದಿವಿ ಮಂದಿ ಬಾನೆಟ್ ಮ್ಯಾಲೆ ಟೇಪ್ ಹಚ್ಚಿ ಹೂವು ಅಂಟಸ್ತಾರ. ಬಣ್ಣ ಕಿತ್ತು ಬರ್ತದ. ಅಂಥವಗ ಹೆಂಗ ಕೊಡ್ಲಿ?" ಎಂದ ಪ್ರಾಣೇಶ. ಅವನು ಧಾರವಾಡದವನು. ಮೂವತ್ತೈದು ವರ್ಷದ ಸಂಸಾರದಲ್ಲಿ ಅವರಿಬ್ಬರೂ ಒಬ್ಬರ ಕನ್ನಡವನ್ನು ಇನ್ನೊಬ್ಬರು ತಿದ್ದಲು ಹೋಗಿ ಸೋತು ಸುಮ್ಮನಾಗಿದ್ದರು.

ಪಂಕಜಾಳಿಗೆ ಆ ಕಾರು ಹೋಗಲೇಬೇಕಾಗಿತ್ತು. ಅದು ಹಟವಲ್ಲ, ಮಂಡಿಯ ಪ್ರಶ್ನೆ. ವೆಸ್ಟ್ ವಿಂಡ್ಸರ್‌ನ ಅವರ ಮನೆಯಲ್ಲಿ ಮಲಗುವ ಕೋಣೆ, ಸ್ನಾನದ ಮನೆ ಎಲ್ಲ ಮಹಡಿಯ ಮೇಲೆ. ಅವಳ ಎರಡೂ ಮಂಡಿಗಳು ಸವೆದುಹೋಗಿದ್ದವು. ಇಳಿಯುವಾಗ ಎರಡು ಕೈಯಲ್ಲೂ ಕಂಬಿ ಹಿಡಿದು ಅಡ್ಡಡ್ಡವಾಗಿ ಒಂದೊಂದೇ ಮೆಟ್ಟಿಲು ಇಳಿಯಬೇಕು. ಕಳೆದ ನವೆಂಬರಿನಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹೊತ್ತಿಗೆ ಒಂದು ಬೆಳಿಗ್ಗೆ ನಡುಮೆಟ್ಟಿಲಲ್ಲಿ ಕೂತವಳು ಮೇಲಕ್ಕೂ ಹೋಗಲಾರದೆ ಕೆಳಕ್ಕೂ ಬರಲಾರದೆ ಅತ್ತುಬಿಟ್ಟಿದ್ದಳು. ಆಮೇಲೆಯೇ ಪ್ರಾಣೇಶ ಮನೆ ಬದಲಾಯಿಸಲು ಒಪ್ಪಿದ್ದು. ರಾಬಿನ್ಸ್‌ವಿಲ್‌ನಲ್ಲಿ, ಐವತ್ತೈದು ದಾಟಿದವರಿಗೆಂದೇ ಕಟ್ಟಿದ ಬಡಾವಣೆಯಲ್ಲಿ, ಒಂದೂ ಮೆಟ್ಟಿಲಿಲ್ಲದ ಮನೆ ಸಿಕ್ಕಿತು. ಈಗಿನ ಮನೆಗೂ ಗಿರಾಕಿ ಸಿಕ್ಕಿದರು. ಆದರೆ ಅವರ ಕರಾರು ಒಂದೇ: ಮಾರ್ಚ್ ಕೊನೆಗೆ ಗ್ಯಾರೇಜ್ ಸೇರಿದಂತೆ ಮನೆ ಪೂರ್ತಿ ಖಾಲಿಯಾಗಿರಬೇಕು. ಇಲ್ಲವಾದರೆ ವ್ಯವಹಾರ ಮುರಿಯುತ್ತದೆ, ಇದು ಮುರಿದರೆ ರಾಬಿನ್ಸ್‌ವಿಲ್‌ನ ಮನೆಯೂ ಕೈಬಿಡುತ್ತದೆ.

ಹಾಗಾದರೆ ಕಾರನ್ನೂ ಹೊಸ ಮನೆಗೆ ಒಯ್ಯಬಹುದಲ್ಲ ಎಂದು ಯಾರಾದರೂ ಕೇಳಬಹುದು. ಪ್ರಾಣೇಶನೂ ಅದನ್ನೇ ಕೇಳಿದ್ದ. ಅಳತೆ ಟೇಪು ಹಿಡಿದು ಹೋಗಿ ಹೊಸ ಗ್ಯಾರೇಜನ್ನು ಅಳೆದು ಬಂದ. ಕಾರು ಒಂದು ಗೇಣು ಉದ್ದವಾಯಿತು, ಬಾಗಿಲು ಮುಚ್ಚುವ ಹಾಗಿಲ್ಲ. ಬಯಲಲ್ಲಿ ನಿಲ್ಲಿಸೋಣವೆಂದರೆ ಆ ಬಡಾವಣೆಯವರು ಹಳೇ ಕಾರನ್ನು ಮನೆ ಮುಂದೆ ನಿಲ್ಲಿಸಲು ಬಿಡುವುದಿಲ್ಲ.

"ಹಿಂದಿನ ಗೋಡಿ ಒಂದ್ ಗೇಣು ಆಚೆ ಸರಿಸಿದ್ರ ಆತು," ಎಂದು ಪ್ರಾಣೇಶ ಊಟಕ್ಕೆ ಕೂತಾಗ ಹೇಳಿದ.

"ಗೋಡೆ ಆಚೆ ನನ್ನ ಬಚ್ಚಲುಮನೆ ಇದೆ."

"ಬಚ್ಚಲಾ ಸ್ವಲ್ಪ ಸಣ್ಣದು ಮಾಡಿದ್ರ ಏನಾಗ್ತದ?"

ಪಂಕಜಾ ತಟ್ಟೆಯಲ್ಲಿದ್ದ ಹುಳಿಯನ್ನ ಹಾಗೇ ಬಿಟ್ಟು ಎದ್ದು ಹೋದಳು. ಮಾರನೆಯ ವಾರ ಅವನು ಇನ್ನೊಂದು ಉಪಾಯ ತಂದ. ಸೀಕಾಕಸ್‌ನಲ್ಲಿ ಗೋದಾಮುಗಳ ನಡುವೆ ಕಾರು ಇಡಲು ಜಾಗ ಬಾಡಿಗೆಗೆ ಸಿಗುತ್ತದಂತೆ. ರಾಬಿನ್ಸ್‌ವಿಲ್‌ನಿಂದ ಸೀಕಾಕಸ್‌ಗೆ ಟ್ರಾಫಿಕ್ ಇಲ್ಲದಿದ್ದರೂ ಒಂದು ತಾಸು. ಕಾರಿಗೊಂದು ಬೇರೆ ಮನೆ, ವಾರಕ್ಕೆ ಮೂರು ದಿನ ಗಂಡ ಅಲ್ಲಿ. ಎರಡನೇ ಸಂಸಾರ ಹೂಡಿದವರೂ ಇದನ್ನೇ ಅಲ್ಲವೇ ಮಾಡುವುದು ಎಂದು ಪಂಕಜಾ ಫೋನಿನಲ್ಲಿ ಮಗ ಗೌರವನ ಮುಂದೆ ಹೇಳಿಕೊಂಡಳು. "ಅಮ್ಮಾ, ಜಸ್ಟ್ ಕಾಲ್ ಎ ಟೋ ಟ್ರಕ್," ಎಂದ ಅವನು, ಕಾರನ್ನು ಎಳೆದೊಯ್ಯುವ ಲಾರಿ ಕರೆಸಿದರೆ ಮುಗಿಯಿತು ಎಂಬಂತೆ. ದೂರ ಕೂತವರಿಗೆ ಎಲ್ಲವೂ ಸುಲಭ.

ಇನ್ನು ಆ ಕಾರಿನ ಪುರಾಣವನ್ನು ಹೇಳದಿದ್ದರೆ ಪಂಕಜಾಳ ಸಂಕಟ ತಿಳಿಯುವುದಿಲ್ಲ. ಹಾರ್ಕೋರ್ಟ್ ಎಂಬ ಇಂಗ್ಲಿಷ್ ಕಂಪನಿ ಕಟ್ಟಿದ, ರೀಜೆಂಟ್ ಎಂಬ ಹೆಸರಿನ ದೊಡ್ಡ ಮನುಷ್ಯರ ಕಾರು ಅದು. ಅರವತ್ತರ ದಶಕದಿಂದ ಇಲ್ಲಿಯ ತನಕ ಎಂಟು ಸಲ ರೂಪ ಬದಲಾಯಿಸಿದೆ. ಪ್ರಾಣೇಶ ಅವುಗಳನ್ನು ಅವತಾರಗಳೆಂದೇ ಕರೆಯುವುದು. ಮೊದಲನೆಯದು ಮತ್ಸ್ಯ: ಎಲ್ಲಿ ಮುಟ್ಟಿದರೂ ಮೂಲೆ ಸಿಗದ ನುಣುಪು ಮೈ, ನಾಲ್ಕು ದುಂಡು ದೀಪ, ಒಳಗೆ ಆಕ್ರೋಟು ಮರದ ಹಲಗೆ. ಎರಡನೆಯದು ಕೂರ್ಮ: ಅಮೆರಿಕದ ಸರ್ಕಾರ ಬಂಪರ್ ಗಟ್ಟಿಯಿರಬೇಕೆಂದು ಕಾನೂನು ಮಾಡಿದ್ದರಿಂದ ಹಿಂದೆ ಮುಂದೆ ದಪ್ಪ ರಬ್ಬರಿನ ಚಿಪ್ಪು ಹೊತ್ತು ಬಂದದ್ದು. ಇವರ ಮನೆಯಲ್ಲಿರುವುದು ಅದೇ. ಮೂರನೆಯದಕ್ಕೆ ಇಟಲಿಯವನೊಬ್ಬ ಛಾವಣಿ ತಿದ್ದಿ ಮೂತಿ ಎತ್ತಿಸಿದ, ಆದ್ದರಿಂದ ಅದು ವರಾಹ. ನಾಲ್ಕನೆಯದರಲ್ಲಿ ಚೌಕದ ದೀಪ ಬಂತು, ಕಂಪ್ಯೂಟರ್ ಬಂತು, ಅರ್ಧ ಹಳತು ಅರ್ಧ ಹೊಸತು, ಕೊಂಡವರ ಹೊಟ್ಟೆ ಬಗೆಯಿತು. ಅದು ನರಸಿಂಹನಲ್ಲದೆ ಇನ್ನೇನು? ಐದನೆಯದು ತಪ್ಪಾಯಿತೆಂದು ಒಪ್ಪಿಕೊಂಡು ಮತ್ತೆ ದುಂಡು ದೀಪ ಇಟ್ಟುಕೊಂಡು ವಿನಯದಿಂದ ಬಂದ ವಾಮನ. ಆರನೆಯದು ಅಲ್ಯೂಮಿನಿಯಂ ಮೈಯದು, ತೂಕವನ್ನೆಲ್ಲ ಕೊಡಲಿಯಲ್ಲಿ ಕಡಿದು ಹಾಕಿತು. ಏಳನೆಯದನ್ನು ಮಾತ್ರ ರಾಮ ಎನ್ನಲು ಪ್ರಾಣೇಶನ ನಾಲಿಗೆ ಏಳುತ್ತಿರಲಿಲ್ಲ, ಏಕೆಂದರೆ ಅದು ಯಾವ ಕಾರಿನ ಪಕ್ಕ ನಿಂತರೂ ಗುರುತು ಸಿಗುತ್ತಿರಲಿಲ್ಲ. ಎಂಟನೆಯದು ಈಗ ಬಂದಿರುವ ಕರೆಂಟಿನ ಕಾರು. ಮರವಿಲ್ಲ, ಸದ್ದಿಲ್ಲ, ಮುಂದೆ ಉಸಿರಾಡುವ ಜಾಲರಿಯೂ ಇಲ್ಲ. "ಕಲ್ಕಿ ಇಷ್ಟು ಲಗೂ ಬರಬಾರದಾಗಿತ್ತು," ಎಂದು ಹೇಳಿ ಪ್ರಾಣೇಶ ಪ್ರವಚನ ಮುಗಿಸುತ್ತಿದ್ದ.

ಈ ಪ್ರವಚನವನ್ನು ಪಂಕಜಾ ಕಾರು ಮನೆಗೆ ಬಂದಾಗಿನಿಂದ, ಇಪ್ಪತ್ತೆಂಟು ವರ್ಷದಿಂದ ಕೇಳುತ್ತ ಬಂದಿದ್ದಾಳೆ. ಮನೆಗೆ ಊಟಕ್ಕೆ ಬಂದವರು, ಕನ್ನಡ ಕೂಟದವರು, ಕೊಳಾಯಿ ರಿಪೇರಿಗೆ ಬಂದವರು, ಯಾರೂ ತಪ್ಪಿಸಿಕೊಂಡಿಲ್ಲ. ಇದ್ದ ಒಂದು ಕಾರಿನ ಮೇಲೆ ಪ್ರಾಣೇಶ ಕೈಯಾಡಿಸದ ಭಾನುವಾರವೂ ಇಲ್ಲ. ಪಂಪು ತಯಾರಿಸುವ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದವನು, ಬಿಚ್ಚುವುದು ಜೋಡಿಸುವುದು ಅವನ ಕೈಗೆ ಅಂಟಿದ ಚಟ. ಒಂದು ಅವತಾರದ ಸಾಮಾನನ್ನು ಇನ್ನೊಂದಕ್ಕೆ ತೊಡಿಸುತ್ತಿದ್ದ. ಯಾಕೆ ಎಂದು ಕೇಳಿದರೆ "ಕಾರಿಗೆ ಬೇಕಾಗಿತ್ತು" ಎನ್ನುವುದೊಂದೇ ಉತ್ತರ. ಒಮ್ಮೆ ಕಾರಿನ ಕ್ಲಬ್ಬಿನವರ ಸ್ಪರ್ಧೆಗೆ ಒಯ್ದಿದ್ದ. ತೀರ್ಪುಗಾರರು ಬಾನೆಟ್ ಎತ್ತಿ ನೋಡಿ, ಇದು ಎರಡನೆಯದೂ ಅಲ್ಲ ಮೂರನೆಯದೂ ಅಲ್ಲ ಎಂದು ತಲೆಯಾಡಿಸಿ ಮುಂದಿನ ಕಾರಿಗೆ ಹೋದರು. ಪಂಕಜಾಳಿಗೆ ಆಗ ಒಳಗೊಳಗೇ ಖುಷಿಯಾಗಿತ್ತು. ಸವತಿಗೆ ಅವಮಾನವಾದರೆ ಯಾರಿಗೆ ಖುಷಿಯಾಗುವುದಿಲ್ಲ?

ಫೆಬ್ರವರಿಯಲ್ಲಿ ಬಂದ ಗಿರಾಕಿಯ ಹೆಸರು ಶೌಕತ್ ಅಲಿ. ಮೈಸೂರಿನ ಮಂಡಿ ಮೊಹಲ್ಲಾದವರು, ಸೀಕಾಕಸ್‌ನಲ್ಲಿ ಗೋದಾಮು ಇಟ್ಟುಕೊಂಡು ಹೋಟೆಲುಗಳಿಗೆ ಪಾತ್ರೆಪಗಡ ಒದಗಿಸುವ ವ್ಯಾಪಾರ. ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿಸಿ ನೇರವಾಗಿ ಬಂದಿದ್ದರು. ಇಂಥ ಗಿರಾಕಿ ಸಿಗಬೇಕಾದರೆ ಪುಣ್ಯ ಮಾಡಿರಬೇಕು. ಉಪ್ಪಿಟ್ಟನ್ನು ಬಿಸಿಯಿರುವಾಗಲೇ ತಿಂದರು. ದಶಾವತಾರವನ್ನು ಮತ್ಸ್ಯದಿಂದ ಕಲ್ಕಿಯ ತನಕ ಕೇಳಿ, ನಡುವೆ ಸಮಯ ನೋಡಿ ತಲೆದೂಗಿ, ವರಾಹಕ್ಕೂ ಕೂರ್ಮಕ್ಕೂ ಎಂಜಿನ್ನಿನಲ್ಲಿ ಏನು ವ್ಯತ್ಯಾಸ ಎಂದೂ ಕೇಳಿದರು. ಪ್ರಾಣೇಶನ ಮುಖ ಮೆತ್ತಗಾಯಿತು. ಸಾಮಾನು ಅದಲುಬದಲಾಗಿದ್ದರೆ ತಮಗೇನೂ ಬೇಸರವಿಲ್ಲ, ಓಡಿದರೆ ಸಾಕು ಎಂದರು.

"ಒಯ್ರಿ ಹಂಗಾರ," ಎಂದುಬಿಟ್ಟ ಪ್ರಾಣೇಶ. ಪಂಕಜಾ ತನ್ನ ಕಿವಿಯನ್ನು ತಾನೇ ನಂಬಲಿಲ್ಲ.

"ನಮ್ಮ ಟ್ರಕ್ಕು ಇಲ್ಲೇ ಪ್ಲೇನ್ಸ್‌ಬರೋದಲ್ಲಿ ಮಾಲು ಇಳಿಸ್ತಾ ಇದೆ. ಈಗಲೇ ಫೋನ್ ಮಾಡ್ತೀನಿ, ಅರ್ಧ ಗಂಟೇಲಿ ಬರುತ್ತೆ, ಏರಿಸ್ಕೊಂಡು ಹೋಗ್ತೀನಿ. ಆಗಬಹುದಾ ಮೇಡಂ?" ಎಂದು ಶೌಕತ್ ಅಲಿ ಪಂಕಜಾಳ ಕಡೆ ತಿರುಗಿದರು.

ಆಗಬಹುದು ಎನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಆದರೆ ಪ್ರವಚನ ಮುಗಿಯುವಷ್ಟರಲ್ಲಿ ಹೊರಗೆ ಕತ್ತಲಾಗುತ್ತಿತ್ತು. ಅವಳು ಆಗಷ್ಟೇ ದೇವರ ಮುಂದೆ ದೀಪ ಹಚ್ಚಿ ಬಂದಿದ್ದಳು. ಪ್ರತಿ ಆಯುಧಪೂಜೆಗೆ ಆ ಬಾನೆಟ್ಟಿಗೆ ಅವಳೇ ಅರಿಶಿನ ಕುಂಕುಮ ಇಟ್ಟು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟವಳು. ಸವತಿಯಾದರೂ ಲಕ್ಷ್ಮಿ ಲಕ್ಷ್ಮಿಯೇ. ಬಾಯಿ ಅವಳ ಅಪ್ಪಣೆ ಕೇಳಲಿಲ್ಲ.

"ಇವತ್ತು ಶುಕ್ರವಾರ. ದೀಪ ಹಚ್ಚಿದ ಮೇಲೆ ಲಕ್ಷ್ಮೀನ ಮನೆಯಿಂದ ಆಚೆ ಕಳಿಸಬಾರದು. ನಾಳೆ ಬೆಳಿಗ್ಗೆ ಬಂದು ತಗೊಂಡುಹೋಗ್ತೀರಾ?"

ಶೌಕತ್ ಅಲಿ ಒಂದಿಷ್ಟೂ ಬೇಸರಪಡಲಿಲ್ಲ. "ಗೊತ್ತು ಮೇಡಂ. ನಮ್ಮ ಪಕ್ಕದ ಮನೆ ಶಿವಗಂಗಮ್ಮನೋರು ಶುಕ್ರವಾರ ಸಂಜೆ ಹೆಪ್ಪಿಗೆ ಮೊಸರು ಕೂಡ ಕೊಡ್ತಿರಲಿಲ್ಲ. ನಾಳೆನೇ ಬರ್ತೀನಿ," ಎಂದು ನಕ್ಕು ಹೋದರು.

ಶನಿವಾರ ಬೆಳಿಗ್ಗೆ ಅವರು ಬರಲಿಲ್ಲ, ಅವರ ಫೋನ್ ಬಂತು. ಮಗ ಝೀಶಾನ್ ರಾತ್ರಿ ಊಟದ ಹೊತ್ತಿಗೆ ತಕರಾರು ತೆಗೆದನಂತೆ. ಹಳೇದು ಯಾಕೆ ಬಾಬಾ, ಅದೇ ಕಂಪನಿಯ ಅದೇ ಹೆಸರಿನ ಹೊಸ ಕಾರು ಇದೆ, ಕರೆಂಟಿನದು, ಸದ್ದೇ ಇಲ್ಲ ಎಂದು ತೋರಿಸಿದನಂತೆ. ಮನೆಯವರೆಲ್ಲ ಅದಕ್ಕೇ ಕೈ ಎತ್ತಿದರಂತೆ. "ತಪ್ಪು ತಿಳ್ಕೋಬೇಡಿ ಮೇಡಂ. ನಿನ್ನೆ ಸಂಜೆನೇ ಮನೆ ಮುಂದೆ ತಂದು ನಿಲ್ಲಿಸಿದ್ರೆ ಯಾರೂ ಮಾತಾಡ್ತಿರಲಿಲ್ಲ," ಎಂದರು.

ತನ್ನ ಕೈಯಾರೆ ತಾನೇ ಕೆಡಿಸಿಕೊಂಡದ್ದಕ್ಕೆ ಯಾರನ್ನು ಬೈಯುವುದು? ಪಂಕಜಾ ಫೋನ್ ಇಟ್ಟು ಅಡುಗೆಮನೆಗೆ ಹೋದಳು. ಪ್ರಾಣೇಶನಿಗೆ ಮಾತ್ರ ಹೋದ ಜೀವ ಬಂದ ಹಾಗಾಯಿತು. ಆ ದಿನ ಎರಡು ಸಲ ಅನ್ನ ಹಾಕಿಸಿಕೊಂಡ.

"ಲಕ್ಷ್ಮಿ ನಿನ್ನ ಮಾತು ಕೇಳಿದ್ಲು ನೋಡು," ಎಂದ.

ಅವಳ ಕೈಯಲ್ಲಿದ್ದ ಸೌಟು ಸಿಂಕಿಗೆ ಬಿತ್ತು. ಬಿತ್ತೋ ಎಸೆದಳೋ, ಎರಡೂ ಒಂದೇ. "ನನ್ನ ಕಾಲು ಹೋದ್ರೂ ಪರವಾಗಿಲ್ಲ, ನಿಮಗೆ ಆ ಕಾರಿರಬೇಕು. ಹೇಳಿಬಿಡಿ, ಹಾಗಂತ ಬಾಯಿ ಬಿಟ್ಟು ಹೇಳಿಬಿಡಿ," ಎಂದಳು. ಪ್ರಾಣೇಶ ತಟ್ಟೆ ತೊಳೆದಿಟ್ಟು ಗ್ಯಾರೇಜಿಗೆ ಹೋದ. ಜಗಳವಾದಾಗಲೆಲ್ಲ ಅವನು ಹೋಗುವುದು ಅಲ್ಲಿಗೇ. ಒಳಗಿಂದ ರೆಂಚಿನ ಕಿಟಿಕಿಟಿ ಕೇಳಿಸುತ್ತಿತ್ತು. ಇವಳಿಗೆ ಅದನ್ನು ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು.

ಮಾರ್ಚ್ ತಿಂಗಳು ಅರ್ಧ ಕಳೆಯಿತು. ಇನ್ನಿಬ್ಬರು ಬಂದರು. ಒಬ್ಬನ ಶೂ ಕೆಸರಾಗಿತ್ತೆಂದು ಪ್ರಾಣೇಶ ಅವನನ್ನು ಕಾರಿನೊಳಗೆ ಕೂರಿಸಲೇ ಇಲ್ಲ. ಇನ್ನೊಬ್ಬ ಕಾರಿಗೆ ಕೆಂಪು ಬಣ್ಣ ಹೊಡೆಸುತ್ತೇನೆಂದ, ಅವನಿಗೆ ಕಾಫಿಯನ್ನೂ ಕೊಡಬೇಡವೆಂದು ಪ್ರಾಣೇಶ ಹೆಂಡತಿಗೆ ಹೇಳಿದ. ಮನೆಯೆಲ್ಲ ರಟ್ಟಿನ ಪೆಟ್ಟಿಗೆಗಳಾಗಿ ಗ್ಯಾರೇಜು ಮಾತ್ರ ಮೊದಲಿನ ಹಾಗೇ ಇತ್ತು. ಮನೆ ಕೊಂಡವರ ವಕೀಲರು ಫೋನ್ ಮಾಡಿ ನೆನಪಿಸಿದರು. ಪಂಕಜಾಳಿಗೆ ರಾತ್ರಿ ನಿದ್ದೆಯಿಲ್ಲ, ಬೆಳಿಗ್ಗೆ ಇಳಿಯಲು ಮೆಟ್ಟಿಲು ಕಾಯುತ್ತಿರುತ್ತದೆ.

ಆಗ ಪ್ರಾಣೇಶನಿಗೆ ಕೌಂಟಿ ಕೋರ್ಟಿನಿಂದ ಜ್ಯೂರಿ ಡ್ಯೂಟಿಗೆ, ಅಂದರೆ ಜನಸಾಮಾನ್ಯರೇ ಕೂತು ಮೊಕದ್ದಮೆ ತೀರ್ಮಾನಿಸುವ ಸರದಿಗೆ, ಕರೆ ಬಂತು. ಅದನ್ನು ತಪ್ಪಿಸಿಕೊಳ್ಳುವ ಹಾಗಿಲ್ಲ. ಒಂದು ಬುಧವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಟ್ರೆಂಟನ್ನಿಗೆ ಹೋದ. ಅವನು ಹೋದ ಸ್ವಲ್ಪ ಹೊತ್ತಿಗೆ ಮನೆಯ ಫೋನ್ ಬಡಿದುಕೊಂಡಿತು. ಮಾತಾಡಿದವನು ವಾಲ್ಟರ್ ಎಂಬ ಪೆನ್ಸಿಲ್ವೇನಿಯಾದ ಮುದುಕ. ಅವನ ಕೊಟ್ಟಿಗೆಯಲ್ಲಿ ರೀಜೆಂಟಿನ ಬೇರೆ ಬೇರೆ ಮಾದರಿಗಳು ಸಾಲಾಗಿ ನಿಂತಿವೆಯಂತೆ, ಎರಡನೆಯದೊಂದು ಮಾತ್ರ ಇಲ್ಲವಂತೆ. ಟ್ರೇಲರ್ ಸಮೇತ ಹೊರಟಿದ್ದಾನಂತೆ, ಬರಬಹುದೇ? ಬುಧವಾರಕ್ಕೆ ಯಾವ ಲಕ್ಷ್ಮಿಯ ತಕರಾರೂ ಇಲ್ಲ. ಪಂಕಜಾ ಬನ್ನಿ ಎಂದಳು.

ಅವಳು ಮೊದಲೇ ನಿಶ್ಚಯಿಸಿಕೊಂಡಳು. ಉಪ್ಪಿಟ್ಟಿಲ್ಲ, ಕಾಫಿಯಿಲ್ಲ, ಪ್ರವಚನವಿಲ್ಲ. ಬಾಗಿಲು ಎತ್ತುವುದು, ಕೀ ಕೊಡುವುದು, ಕಳಿಸುವುದು.

ವಾಲ್ಟರ್ ಬಂದವನೇ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದ, ಬಾಗಿಲು ತೆಗೆದು ಚಾಲಕನ ಸೀಟಿನಲ್ಲಿ ಕೂತು ಸ್ಟೀರಿಂಗ್ ತಿರುಗಿಸಿದ. ಅವನ ಹುಬ್ಬು ಗಂಟಿಕ್ಕಿತು. ಇವರ ಮಾತೆಲ್ಲ ಇಂಗ್ಲಿಷಿನಲ್ಲಿ.

"ಇದು ಮೂರನೆಯದರ ಸ್ಟೀರಿಂಗ್."

"ಹೌದು," ಎಂದಳು ಪಂಕಜಾ. ಇಪ್ಪತ್ತೆಂಟು ವರ್ಷ ಪ್ರವಚನ ಕೇಳಿದವಳಿಗೆ ಅಷ್ಟೂ ಗೊತ್ತಿರುವುದಿಲ್ಲವೇ?

"ಯಾಕೆ ಬದಲಾಯಿಸಿದರು? ಎರಡನೆಯದು ಭಾರ, ನಿಜ. ಆದರೆ ಗಂಡಸಿನ ತೋಳಿಗೆ ಅದೇನು ಕಷ್ಟವಲ್ಲ."

"ನಾನು ಇದರಲ್ಲೇ ಡ್ರೈವಿಂಗ್ ಕಲಿತೆ. ಆಗ ನಮಗಿದ್ದದ್ದು ಇದೊಂದೇ ಕಾರು. ನನ್ನ ಕೈಯಲ್ಲಿ ತಿರುಗಿಸಲು ಆಗುತ್ತಿರಲಿಲ್ಲ," ಎಂದಳು. ಉತ್ತರ ತಾನಾಗಿ ಬಂದಿತ್ತು, ಅವಳು ಅದರ ಬಗ್ಗೆ ಯೋಚಿಸಲಿಲ್ಲ.

ವಾಲ್ಟರ್ ಪಕ್ಕದ ಸೀಟನ್ನು ಒತ್ತಿ ನೋಡಿದ. ಅದು ನಾಲ್ಕನೆಯದರದ್ದು. ಸೊಂಟಕ್ಕೆ ಆನಿಕೆ ಕೊಡುವ ಹಿಡಿ ಇದ್ದದ್ದು. ತಾನು ಕೂತ ಸೀಟನ್ನೂ ಒತ್ತಿ ನೋಡಿದ. ಅದು ಮೂಲದ್ದೇ, ಸ್ಪ್ರಿಂಗು ಕುಸಿದುಹೋಗಿತ್ತು.

"ಬದಲಾಯಿಸುವವರು ಎರಡನ್ನೂ ಬದಲಾಯಿಸುತ್ತಾರೆ. ಓಡಿಸುವವನ ಸೀಟು ಬಿಟ್ಟು ಪಕ್ಕದ್ದೊಂದನ್ನು ಯಾರು ಬದಲಾಯಿಸುತ್ತಾರೆ?"

"ಮಗ ಹುಟ್ಟಿದ ಮೇಲೆ ನನ್ನ ಸೊಂಟ..." ಎಂದವಳು ಅಲ್ಲಿಗೇ ನಿಂತಳು.

ಅವಳಿಗೆ ಆ ದಿನ ಸ್ಪಷ್ಟವಾಗಿ ನೆನಪಿತ್ತು. ಹಸುಗೂಸು ಗೌರವನನ್ನು ಅವಳ ಮಡಿಲಲ್ಲಿ ಬಿಟ್ಟು ಪ್ರಾಣೇಶ ಇಡೀ ಶನಿವಾರ ಯಾವುದೋ ಗುಜರಿ ಅಂಗಳಕ್ಕೆ ಹೋಗಿ ಒಂದು ಸೀಟು ಹೊತ್ತು ತಂದಿದ್ದ. ಮನೆಯಲ್ಲಿ ಹೆಂಡತಿ ನೆಟ್ಟಗೆ ಕೂರಲಾರದೆ ಒದ್ದಾಡುತ್ತಿರುವಾಗ ಇವನಿಗೆ ಕಾರಿನ ಸೀಟು ಬೇಕಾಯಿತೇ ಎಂದು ಅವಳು ಕೂಗಾಡಿದ್ದಳು. ಎರಡು ದಿನ ಮಾತು ಬಿಟ್ಟಿದ್ದಳು. ಕಾರಿಗೆ ಬೇಕಾಗಿತ್ತು ಎಂದಷ್ಟೇ ಅವನು ಹೇಳಿದ್ದ. ಆಮೇಲೆ ವರ್ಷಗಟ್ಟಲೆ ಅವಳು ಆ ಸೀಟಿನಲ್ಲಿ ಕೂತಿದ್ದಳು, ಬೆನ್ನು ನೋಯುತ್ತಿಲ್ಲವೆಂದೂ ಗಮನಿಸಿರಲಿಲ್ಲ.

ವಾಲ್ಟರ್ ಟಾರ್ಚ್ ಹಿಡಿದು ಪಕ್ಕದ ಸೀಟಿನ ಮುಂದೆ, ಕಾಲಿಡುವ ಜಾಗದಲ್ಲಿ ತಲೆ ತೂರಿಸಿದ. ಒಳಗಿಂದ ಅವನ ಗೊಣಗಾಟ ಕೇಳಿಸಿತು. "ಹೀಟರು ಆರನೆಯದರದ್ದು. ಇದನ್ನು ಇಲ್ಲಿ ಹೇಗೆ ಕೂರಿಸಿದರೋ ದೇವರಿಗೇ ಗೊತ್ತು. ಹಲಗೆಯ ಹಿಂದೆ ಕೊರೆದು ಒಂದು ಕೊಳವೆ ಬೇರೆ ತಂದಿದ್ದಾರೆ. ಬರೀ ಈ ಕಡೆಗೆ. ಓಡಿಸುವವನ ಕಾಲಿಗೆ ಬಿಸಿಗಾಳಿ ಇಲ್ಲವೇ ಇಲ್ಲ."

ಹಿಂದೆ ಕೆಲವು ವರ್ಷ ಪಂಕಜಾ ಮ್ಯಾನ್‌ಹಟನ್ನಿನ ಲ್ಯಾಬೊಂದಕ್ಕೆ ದಿನಾ ರೈಲಿನಲ್ಲಿ ಹೋಗಿ ಬರುತ್ತಿದ್ದಳು. ಇನ್ನೂ ಬೆಳಕು ಹರಿಯುವ ಮೊದಲೇ ಪ್ರಾಣೇಶ ಈ ಕಾರಿನಲ್ಲಿ ಅವಳನ್ನು ಪ್ರಿನ್ಸ್‌ಟನ್ ಜಂಕ್ಷನ್ನಿಗೆ ಬಿಟ್ಟು ಬರುತ್ತಿದ್ದ. ಜನವರಿಯಲ್ಲಿ ಅವಳ ಕಾಲ್ಬೆರಳು ಬೆಳ್ಳಗಾಗಿ ಸ್ಪರ್ಶವೇ ಇರುತ್ತಿರಲಿಲ್ಲ. ನಿಮ್ಮ ಇಂಗ್ಲಿಷರಿಗೆ ಚಳಿಯಾಗುವುದಿಲ್ಲವೇ ಎಂದು ಅವಳು ದಿನಾ ಆಡಿಕೊಳ್ಳುತ್ತಿದ್ದಳು. ಒಂದು ದಿನ ಕಾಲು ಬೆಚ್ಚಗಾಗಿತ್ತು. ಯಾಕೆ ಎಂದು ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ. ಅವನ ಕಾಲು ಎಷ್ಟು ಚಳಿಗಾಲ ತಣ್ಣಗಿತ್ತು ಎಂಬುದು ಅವಳಿಗೆ ಈಗ ಪರರ ಬಾಯಿಂದ ತಿಳಿಯಬೇಕಾಯಿತು.

ವಾಲ್ಟರ್ ಮೇಲೆದ್ದು ಮಂಡಿ ಒರೆಸಿಕೊಂಡ. "ಯಾರು ಮಾಡಿದ್ದು ಈ ಕೆಲಸ?"

"ನನ್ನ ಗಂಡ."

"ಕೆಲಸ ಅಚ್ಚುಕಟ್ಟಾಗಿದೆ. ಆದರೆ ಅವರು ಕೈಯಿಟ್ಟಲ್ಲೆಲ್ಲ ಇದರ ಬೆಲೆ ಇಳಿದಿದೆ. ತಪ್ಪು ತಿಳಿಯಬೇಡಿ, ಈ ಕಾರನ್ನು ಪ್ರೀತಿಸುವ ಯಾರೂ ಇದಕ್ಕೆ ಹೀಗೆ ಮಾಡುವುದಿಲ್ಲ."

ಪಂಕಜಾಳಿಗೆ ಅಳು ಬಂತು. ಅಳುವಿಗಿಂತ ಹೆಚ್ಚಾಗಿ ಸಿಟ್ಟು ಬಂತು. ಒಂದು ಮಾತು, ನಿನ್ನ ಕಾಲಿಗೆ ಚಳಿಯಾಗುತ್ತದೆ ಅದಕ್ಕೇ ಎಂಬ ಒಂದೇ ಒಂದು ಮಾತು ಆಡಿದ್ದರೆ ಆ ಮನುಷ್ಯನ ಗಂಟೇನು ಹೋಗುತ್ತಿತ್ತು? ಎಂಟು ಅವತಾರದ ಕಥೆಯನ್ನು ಊರಿಗೆಲ್ಲ ಹೇಳಿದವನಿಗೆ ಈ ಕಥೆ ಹೇಳಲು ನಾಲಿಗೆ ಬರಲಿಲ್ಲವೇ? ಇಪ್ಪತ್ತೆಂಟು ವರ್ಷ ಅವಳು ಒಂದು ಕಾರಿನ ಮೇಲೆ ಹೊಟ್ಟೆಕಿಚ್ಚು ಪಟ್ಟುಕೊಂಡು ಬದುಕಿದ್ದಳು. ಅಷ್ಟೂ ವರ್ಷವನ್ನು ಈಗ ಯಾರ ಹತ್ತಿರ ವಾಪಸು ಕೇಳುವುದು?

"ಆದರೂ ಕೊಳ್ಳುತ್ತೇನೆ," ಎಂದ ವಾಲ್ಟರ್. "ಮೈ ಚೆನ್ನಾಗಿದೆ. ಇದನ್ನೆಲ್ಲ ಕಿತ್ತು ಎಸೆದು, ಮೂಲದಲ್ಲಿ ಹೇಗಿತ್ತೋ ಹಾಗೆ ಮಾಡುತ್ತೇನೆ."

ಬೇಡ ಎನ್ನುವ ಮಾತು ಪಂಕಜಾಳ ತುದಿನಾಲಿಗೆಗೆ ಬಂದಿತ್ತು. ಕಾಗದ ತರುತ್ತೇನೆ ಎಂದು ಹೇಳಿ ಒಳಗೆ ಹೋದಳು. ಕಾರಿನ ಕಾಗದ ಮಹಡಿಯ ಮೇಲಿನ ಬೀರುವಿನಲ್ಲಿತ್ತು. ಕಂಬಿ ಹಿಡಿದು ಹತ್ತಲು ಶುರುಮಾಡಿದಳು. ಮೂರನೆಯ ಮೆಟ್ಟಿಲಿಗೇ ಮಂಡಿಯೊಳಗೆ ಸೂಜಿ ಚುಚ್ಚಿತು. ಗಂಡನಿಗೆ ಪ್ರೀತಿಯಿತ್ತು ಎಂದು ಇವತ್ತು ಗೊತ್ತಾದ ಮಾತ್ರಕ್ಕೆ ಸವೆದ ಮಂಡಿ ಬೆಳೆಯುವುದಿಲ್ಲ. ನಿಂತು, ಉಸಿರು ಬಿಟ್ಟು, ಮತ್ತೆ ಹತ್ತಿದಳು. ಕಾಗದದಲ್ಲಿ ಇಬ್ಬರ ಹೆಸರೂ ಇತ್ತು, ಯಾರೊಬ್ಬರು ಸಹಿ ಹಾಕಿದರೂ ಸಾಕಿತ್ತು. ಬಾಯಲ್ಲಿ ಕಚ್ಚಿಕೊಂಡು ಅಡ್ಡಡ್ಡವಾಗಿ ಇಳಿದು ಬಂದು, ಕಾರಿನ ಬಾನೆಟ್ಟಿನ ಮೇಲೇ ಇಟ್ಟು ಸಹಿ ಹಾಕಿದಳು. ಮುದುಕ ಚಳಿಯಲ್ಲಿ ನಡುಗುತ್ತಿದ್ದ. ಕಾಫಿ ಇಲ್ಲವೆಂದು ನಿಶ್ಚಯಿಸಿದ್ದವಳು ಲೋಟದ ತುಂಬ ಬಿಸಿ ಕಾಫಿ ತಂದುಕೊಟ್ಟಳು.

ಪ್ರಾಣೇಶ ಸಂಜೆ ಬಂದ. ಅವನನ್ನು ಜ್ಯೂರಿಗೆ ಆರಿಸಿರಲಿಲ್ಲ, ಇಡೀ ದಿನ ಬೆಂಚಿನ ಮೇಲೆ ಕೂರಿಸಿ ಕಳಿಸಿದ್ದರು. ಆ ಸಿಟ್ಟಿನಲ್ಲೇ ಗ್ಯಾರೇಜಿನ ಬಾಗಿಲು ಎತ್ತಿದವನು ಹಾಗೇ ನಿಂತ. ಒಳಗೆ ಸಿಮೆಂಟು ನೆಲ, ಒಂದಿಷ್ಟು ಎಣ್ಣೆಯ ಕಲೆ. ಪಂಕಜಾ ಒಳಬಾಗಿಲಲ್ಲಿ ನಿಂತು ಅವನು ಕೂಗಾಡುವುದನ್ನು ಕಾದಳು. ಕೂಗಾಡಿದರೆ ತಾನೂ ಹೇಳಬೇಕಾದದ್ದು ಬೇಕಾದಷ್ಟಿತ್ತು.

"ಯಾರು ಒಯ್ದ್ರು?" ಎಂದು ಕೇಳಿದ.

"ಪೆನ್ಸಿಲ್ವೇನಿಯಾದೋನು. ಉಳಿದ ಅವತಾರ ಎಲ್ಲ ಅವನ ಹತ್ರ ಇವೆಯಂತೆ. ಕೂರ್ಮ ಒಂದಿರಲಿಲ್ಲ."

"ಸೂರು ಅದನೇನು?"

"ಇದೆ."

ಪ್ರಾಣೇಶ ಒಳಗೆ ಹೋಗಿ, ಎಣ್ಣೆಯ ಕಲೆಯನ್ನು ಬೂಟಿನ ತುದಿಯಿಂದ ತಿಕ್ಕಿದ. ಪಂಕಜಾಳಿಗೆ ತಡೆಯಲಾಗಲಿಲ್ಲ. "ಹೀಟರು, ಸೀಟು, ಸ್ಟೀರಿಂಗು, ನೀವು ಹಾಕಿದ್ದನ್ನೆಲ್ಲ ಕಿತ್ತು ಎಸೀತಾನಂತೆ," ಎಂದಳು. ನೋಯಿಸುವುದಕ್ಕೆಂದೇ ಹೇಳಿದ ಮಾತು ಅದು. ಅವನ ಬಾಯಿಂದ ಏನಾದರೂ ಹೊರಡಲಿ ಎಂಬ ಹಟ.

ಅವನು ಅವಳ ಕಡೆ ತಿರುಗಲಿಲ್ಲ. ಕೋಟಿನ ಜೇಬಿನಲ್ಲಿ ಕೈಯಿಟ್ಟುಕೊಂಡು ಖಾಲಿ ಜಾಗವನ್ನೇ ನೋಡುತ್ತಿದ್ದ.

"ಒಗೀಲಿ ಬಿಡು," ಎಂದ. "ಅವನ ಹೆಂಡ್ತಿಗೆ ಥಂಡಿ ಆಗಂಗಿಲ್ಲ ಕಾಣಸ್ತದ."